ಮೂರು ಮನೆಗೆ ಮೂರು ಬೇಡ ತಮ್ಮಾ

ಜೇವರ್ಗಿ



ತಮ್ಮಾ, ನಿನ್ನ ಮೆಸೇಜ್ ನೋಡಿದೆ. ಸೇಲ್ ಶುರುವಾಗಿದೆ, ಮೂರು ಏರ್ ಫ್ರೈಯರ್ ಬುಕ್ ಮಾಡ್ತೀನಿ, ಅಫಜಲಪುರಕ್ಕೆ ಅವ್ವಗೊಂದು, ಆಳಂದಕ್ಕೆ ಸಣ್ಣಕ್ಕಗೊಂದು, ಜೇವರ್ಗಿಗೆ ನಿನಗೊಂದು ಅಂತ ಬರೆದಿದ್ದಿ. ಪುಣೆಯಲ್ಲಿ ಕೂತು ಮೂರೂ ಮನೆ ನೆನಪಿಟ್ಟುಕೊಂಡದ್ದಕ್ಕೆ ಖುಷಿಯಾಯಿತು. ಆದರೆ ಬಟನ್ ಒತ್ತುವ ಮೊದಲು ಇದನ್ನೊಂದು ಓದು. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ "ಆಯ್ತು ಬಿಡಕ್ಕಾ" ಅಂದುಬಿಡ್ತಿ, ಅದಕ್ಕೇ ಬರೆಯಲು ಕೂತೆ.

ಆ ಮಷಿನ್ ನನಗೆ ಹೊಸದಲ್ಲ. ನಮ್ಮ ಮಗ್ಗುಲ ಮನೆಯ ಟೀಚರ್ ಹೋದ ವರ್ಷ ತಂದರು. ಮಧ್ಯಾಹ್ನ ನಾನೇ ನನ್ನ ಸಾಮಾನು ಕಟ್ಟಿಕೊಂಡು ಅವರ ಅಡುಗೆಮನೆಗೆ ಹೋಗುತ್ತೇನೆ. ಒಳಗೆ ಅಂಥ ಮಾಯೆಯೇನೂ ಇಲ್ಲ. ತಲೆಯಲ್ಲಿ ಕೆಂಪಗೆ ಕಾಯುವ ಕಾಯ್ಲ್, ಅದರ ಬೆನ್ನಿಗೆ ಒಂದು ಫ್ಯಾನ್, ಕೆಳಗೆ ತೂತಿನ ಬುಟ್ಟಿ. 180, 200 ಡಿಗ್ರಿಗೆ ಕಾಯ್ದ ಗಾಳಿ ಬುಟ್ಟಿಯೊಳಗೆ ಗರಗರ ತಿರುಗುತ್ತದೆ, ಪದಾರ್ಥದ ಮೇಲ್ಮೈ ಒಣಗಿ ಕೆಂಪಗಾಗುತ್ತದೆ. ಫಿಲಿಪ್ಸ್‌ನವರು 2010ರಲ್ಲಿ ಬರ್ಲಿನ್ನಿನ ಮೇಳದಲ್ಲಿ ತೋರಿಸಿದ್ದು, ಆಮೇಲೆ ಎಲ್ಲ ಕಂಪನಿಯವರೂ ಮಾಡಿದ್ದು, ಫ್ಯಾನ್ ಇರುವ ಪುಟ್ಟ ಓವನ್ ಅಷ್ಟೇ.

ಮೊದಲು ಮಿರ್ಚಿ ಭಜಿಯನ್ನೇ ಹಾಕಿ ನೋಡಿದೆ, ನಮ್ಮ ಕಡೆಯವರಿಗೆ ಬೇರೆ ಪರೀಕ್ಷೆ ಯಾಕೆ ಬೇಕು. ಕಡ್ಲಿಹಿಟ್ಟಿನಲ್ಲಿ ಅದ್ದಿ ಬುಟ್ಟಿಗಿಟ್ಟ ಮೆಣಸಿನಕಾಯಿ ನೋಡನೋಡುತ್ತಲೇ ಬೆತ್ತಲಾಯಿತು. ಹಿಟ್ಟು ತೂತಿನಿಂದ ಜೋತುಬಿದ್ದು ಕೆಳಗಿನ ತಟ್ಟೆಯಲ್ಲಿ ದೋಸೆಯಂತೆ ಒಣಗಿತು. ಕಾಯ್ದ ಎಣ್ಣೆ ಹಿಟ್ಟನ್ನು ಮುಟ್ಟಿದ ಕ್ಷಣಕ್ಕೇ ಸುತ್ತಲಿಂದ ಹಿಡಿದು ಗಟ್ಟಿ ಮಾಡುತ್ತದೆ. ಗಾಳಿಗೆ ಆ ತಾಕತ್ತಿಲ್ಲ, ಅದು ಗಟ್ಟಿ ಮಾಡುವಷ್ಟರಲ್ಲಿ ಹಿಟ್ಟು ಜಾರಿರುತ್ತದೆ. ಸಂಡಿಗೆಯ ಕಥೆ ಇನ್ನೂ ಚೆಂದ. ಹಗುರಾದದ್ದು, ಫ್ಯಾನಿನ ಗಾಳಿಗೆ ಹಾರಿ ಕಾಯ್ಲಿಗೆ ಹೋಗಿ ತಾಗಿತು, ಮನೆ ತುಂಬ ಸುಟ್ಟ ವಾಸನೆ. ಟೀಚರ್ ಕಿಟಕಿ ತೆಗೆಯುತ್ತ "ಅಕ್ಕಾರ, ಇದು ನಿಮ್ಮ ಪ್ರಯೋಗಶಾಲಿ ಅಲ್ರೀ" ಅಂದರು.

ಆದರೆ ಶೇಂಗಾ! ಒಂದು ಪದರ ಹರವಿ, 160 ಡಿಗ್ರಿಗಿಟ್ಟು, ನಡುವೆ ಒಂದೆರಡು ಸಲ ಬುಟ್ಟಿ ಅಲ್ಲಾಡಿಸಿದರೆ ಹತ್ತು ಹನ್ನೆರಡು ನಿಮಿಷದಲ್ಲಿ ಎಲ್ಲ ಕಾಳೂ ಒಂದೇ ಬಣ್ಣ, ಒಂದೂ ಕರಕಾಗಿಲ್ಲ. ಸಿಪ್ಪೆ ಬೆರಳಲ್ಲಿ ತಿಕ್ಕಿದರೆ ಸಾಕು. ಪಂಚಮಿ ಉಂಡಿಗೆ ತವೆಯ ಮುಂದೆ ಬೆವರು ಸುರಿಸುತ್ತ ನಿಂತವರಿಗೇ ಇದರ ಬೆಲೆ ಗೊತ್ತು. ಬೆಂಡೆಕಾಯಿ, ಆಲೂಗಡ್ಡೆಯೂ ಒಂದು ಚಮಚ ಎಣ್ಣೆಯಲ್ಲಿ ಚೆನ್ನಾಗಿ ಆಗುತ್ತವೆ. ಕರ್ಚಿಕಾಯಿಗೆ ಎಣ್ಣೆ ಸವರಿ ಇಟ್ಟೆ, ತಿನ್ನಲು ರುಚಿಯಾಗಿಯೇ ಇತ್ತು, ಆದರೆ ಬೇಕರಿ ಖಾರಿಯ ಹಾಗಾಯಿತು. ಅವ್ವನ ಮುಂದೆ ಇಟ್ಟರೆ ಏನು ಅಂದಾಳು ನಿನಗೇ ಗೊತ್ತು.

ಇನ್ನು ಅವ್ವನ ಮಾತಿಗೇ ಬರುತ್ತೇನೆ. ಕಲಬುರಗಿಯ ಡಾಕ್ಟರು ಎಣ್ಣೆ ಕಡಿಮೆ ಮಾಡ್ರಿ ಅಂದ ದಿನದಿಂದ ನಿನಗೆ ಸಮಾಧಾನವಿಲ್ಲ, ಗೊತ್ತು. ಹೋದ ಸಲ ಅಫಜಲಪುರಕ್ಕೆ ಹೋದಾಗ ನಾನು ಬೇಕಂತಲೇ ಇಡೀ ದಿನ ಅಡುಗೆಮನೆಯಲ್ಲಿ ಕೂತು ನೋಡಿದೆ. ಬೆಳಿಗ್ಗೆ ಬದನೆಕಾಯಿ ಎಣಗಾಯಿ. ಮೇಲೆ ಕೆಂಪಗೆ ಎಣ್ಣೆ ತೇಲದಿದ್ದರೆ ಅವ್ವನ ಲೆಕ್ಕದಲ್ಲಿ ಪಲ್ಯ ಇನ್ನೂ ಆಗಿಲ್ಲ. ಊಟಕ್ಕೆ ಕೂತ ಅಪ್ಪನ ತಾಟಿನಲ್ಲಿ ಶೇಂಗಾ ಹಿಂಡಿ, ಅದರ ನಡುವೆ ಬೆರಳಿನಿಂದ ಕುಣಿ ಮಾಡಿ ತುಂಬಿದ ಕುಸುಬಿ ಎಣ್ಣೆ. ಬ್ಯಾಳಿಗೆ ಒಗ್ಗರಣೆ, ಸಂಜೆ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿಯದು ಮತ್ತೊಂದು. ಉಪ್ಪಿನಕಾಯಿ ಜಾಡಿಯ ಮೇಲೆ ಎರಡು ಬೆರಳು ಎಣ್ಣೆ. ಇಡೀ ದಿನದಲ್ಲಿ ಕರಿದದ್ದು ಏನು? ಏನೂ ಇಲ್ಲ! ಐದು ಲೀಟರಿನ ಡಬ್ಬಿ ತಿಂಗಳು ತುಂಬುವ ಮೊದಲೇ ಖಾಲಿಯಾಗುವುದು ಸೌಟಿನಿಂದ ತಮ್ಮಾ, ಕರಿಯುವುದರಿಂದಲ್ಲ. ಒಗ್ಗರಣೆಯನ್ನು ಆ ಬುಟ್ಟಿಯಲ್ಲಿ ಹಾಕಲಾಗುತ್ತದೆಯೇ?

ಅಪ್ಪನ ವಿಷಯ ಬೇರೆಯೇ. ಸಂಜೆ ಐದಾದರೆ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡ್ ಕಡೆ ಹೋಗುವುದು, ಗೆಳೆಯರ ಜೊತೆ ಬಂಡಿಯ ಸುಸಲಾ, ಮಿರ್ಚಿ. ಅಂಥ ಬಂಡಿಗಳ ಕಡಾಯಿಯ ಎಣ್ಣೆ ಮುಂಜಾನೆಯಿಂದ ಕುದ್ದು ಕಪ್ಪಾಗಿರುತ್ತದೆ. ಪದೇಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶ ನೂರಕ್ಕೆ 25 ದಾಟಿದರೆ ಅದನ್ನು ಬಳಸಬಾರದು ಅಂತ 2018ರಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಇದೆ, ಆದರೆ ಸಂಜೆ ಬಂಡಿಯ ಮುಂದೆ ನಿಂತು ಅಳೆಯುವವರಾರು? ಮನೆಗೆ ಎಂಥ ಮಷಿನ್ ಬಂದರೂ ಅಪ್ಪ ಆ ಗೆಳೆಯರನ್ನು ಬಿಟ್ಟು ಬರುವವರಲ್ಲ. ಅವರು ಅಲ್ಲಿಗೆ ಹೋಗುವುದು ಬರೀ ಭಜಿಗಲ್ಲ.

ಅವ್ವನ ಮನೆಯಲ್ಲಿ ನಿಜವಾಗಿ ನನ್ನನ್ನು ಹೆದರಿಸಿದ್ದು ಕಪಾಟಿನ ಮೂಲೆಯ ಸ್ಟೀಲ್ ಡಬ್ಬಿ. ಹಬ್ಬಕ್ಕೆ ಕರಿದು ಉಳಿದ ಎಣ್ಣೆ ಸೋಸಿ ಅದರಲ್ಲಿಟ್ಟು ಮುಂದಿನ ಹಬ್ಬದವರೆಗೂ ಓಡಿಸುತ್ತಾಳೆ. ಕರಿದ ಎಣ್ಣೆಯಲ್ಲಿ ಮತ್ತೆ ಕರಿಯಬೇಡಿ, ಸೋಸಿ ಒಂದೆರಡು ದಿನದೊಳಗೆ ಪಲ್ಯಕ್ಕೆ ಹಾಕಿ ಮುಗಿಸಿ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ನಾನೂ ಹೇಳಿದೆ. "ಚೆಲ್ಲಲಿಕ್ಕೆ ನಿಮ್ಮಪ್ಪನ ಗಾಣ ಅದ ಏನ?" ಅಂದಳು. ಆದರೂ ಬರುವ ದಿನ ಡಬ್ಬಿ ತೊಳೆದು ಬಿಸಿಲಿಗಿಟ್ಟೇ ಬಂದೆ. ಎಣ್ಣೆ ಕಡಾಯಿಗೆ ಡಬ್ಬಿಯಿಂದ ಸುರಿಯಬೇಡ, ಈ ಸಣ್ಣ ಚಮಚದಿಂದ ಹಾಕು ಅಂತ ಒಂದು ಚಮಚವನ್ನೂ ಒಲೆಯ ಪಕ್ಕ ಇಟ್ಟೆ. ಅದಕ್ಕೆ ಕರೆಂಟ್ ಬೇಕಿಲ್ಲ.

ಕರೆಂಟಿನ ಲೆಕ್ಕ ನೀನು ಹಾಕಿಲ್ಲ ಅನಿಸುತ್ತದೆ. ಈ ಮಷಿನ್‌ಗಳು ಸಾಮಾನ್ಯವಾಗಿ 1500 ವ್ಯಾಟ್ ಆಸುಪಾಸು. 230 ವೋಲ್ಟಿಗೆ ಆರೂವರೆ ಆಂಪಿಯರ್ ಎಳೆಯುತ್ತದೆ. ಅವ್ವನ ಅಡುಗೆಮನೆಯಲ್ಲಿರುವುದು ಮಿಕ್ಸರ್ ಹಚ್ಚುವ ಆರು ಆಂಪಿಯರಿನ ಹಳೇ ಪಾಯಿಂಟ್ ಒಂದೇ. ಅದಕ್ಕೇ ಸಿಗಿಸಿದರೆ ದಿನಾ ಪ್ಲಗ್ ಬಿಸಿಯಾಗಿ ಒಂದು ದಿನ ಕರಗಲೂಬಹುದು. ಸಂಜೆ ವೋಲ್ಟೇಜ್ 180ಕ್ಕೆ ಇಳಿದಾಗ ಕಾಯ್ಲಿನ ಶಾಖ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಇನ್ನೂ ಜೋರಾಗಿ ಇಳಿಯುತ್ತದೆ, 1500 ವ್ಯಾಟಿನ ಜಾಗದಲ್ಲಿ 920 ಬಂದರೆ ಹೆಚ್ಚು. ಆಗ ಆಲೂಗಡ್ಡೆ ಗರಿಯಾಗುವುದಿಲ್ಲ, ಬೆಂದು ಮೆತ್ತಗಾಗುತ್ತದೆ. ಮನೆಯ ಇನ್ವರ್ಟರ್ ಅಂತೂ ಇದನ್ನು ಹೊರುವುದಿಲ್ಲ.

ಗೃಹಜ್ಯೋತಿ ಇದೆಯಲ್ಲ ಅಂತೀಯೇನೋ. 2023ರ ಆಗಸ್ಟ್ 5ರಂದು ನಮ್ಮ ಕಲಬುರಗಿಯಲ್ಲೇ ಉದ್ಘಾಟನೆ ಆಯಿತಲ್ಲ, ಅಂದಿನಿಂದ ಎಲ್ಲರಿಗೂ 200 ಯೂನಿಟ್ ಫ್ರೀ ಅಂತಲೇ ಜನರ ತಿಳಿವಳಿಕೆ. ಹಾಗಿಲ್ಲ. ಅವ್ವನಂಥ ಮನೆಗೆ 2022-23ರ ಸರಾಸರಿ ಬಳಕೆ, ಅದಕ್ಕೆ ಹತ್ತು ಶೇಕಡಾ ಕೂಡಿಸಿ ಅಷ್ಟು ಫ್ರೀ, ಅದರ ಮೇಲಿನದಕ್ಕೆ ದುಡ್ಡು. ಅವ್ವನ ಮನೆಯ ಸರಾಸರಿ 60 ಯೂನಿಟ್, ಅಂದರೆ 66ರವರೆಗೆ ಫ್ರೀ. ದಿನಾ ಇಪ್ಪತ್ತು ನಿಮಿಷ ಮಷಿನ್ ಹಚ್ಚಿದರೆ ಅರ್ಧ ಯೂನಿಟ್, ತಿಂಗಳಿಗೆ ಹದಿನೈದು. ನೂರು ರೂಪಾಯಿಯೊಳಗಿನ ಮಾತು, ನಮಗೆ ಏನೂ ಅಲ್ಲ. ಆದರೆ ಅಪ್ಪ ಜೆಸ್ಕಾಂನ ಸೊನ್ನೆ ಬಿಲ್ಲನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಾರೆ. ಬಿಲ್ಲಿನಲ್ಲಿ ಎಂಬತ್ತು ರೂಪಾಯಿ ಬಂದ ದಿನ ಆ ಮಷಿನ್ ಅಟ್ಟ ಸೇರುತ್ತದೆ.

ದತ್ತ ಜಯಂತಿಯನ್ನೂ ನೆನಪು ಮಾಡಿಕೊ. ಗಾಣಗಾಪುರಕ್ಕೆ ಬಂದ ನೆಂಟರೆಲ್ಲ ಅವ್ವನ ಮನೆಗೆ ಇಳಿದೇ ಹೋಗುವವರು. ನಾಲ್ಕು ಲೀಟರಿನ ಬುಟ್ಟಿಯಲ್ಲಿ ಗರಿಯಾಗಬೇಕೆಂದರೆ ಒಂದೇ ಪದರ ಹಿಡಿಸಬೇಕು, ಒಂದು ಸರ್ತಿಗೆ ಹದಿನೈದು ನಿಮಿಷ. ಹದಿನೆಂಟು ಮಂದಿ ಕೂತಿರುವಾಗ ಕೊನೆಯವನ ತಾಟಿಗೆ ಬೀಳುವಷ್ಟರಲ್ಲಿ ಮೊದಲಿನವನು ಬಸ್ ಹತ್ತಿರುತ್ತಾನೆ.

ಸಣ್ಣಕ್ಕನಿಗೆ ಮಾತ್ರ ಖಂಡಿತ ಕಳಿಸು. ಆಳಂದದಲ್ಲಿ ಅವರು ನಾಲ್ಕೇ ಜನ. ಸಂಜೆ ಆರಕ್ಕೆ ಸಾಲಿಯಿಂದ ಬರುತ್ತಾಳೆ, ಹುಡುಗರಿಬ್ಬರೂ ಬಾಗಿಲಲ್ಲೇ "ಮಮ್ಮಿ ಫ್ರೈಸ್" ಅಂತ ನಿಂತಿರುತ್ತಾರೆ. ಒಂದು ಮುಷ್ಟಿ ಆಲೂಗಡ್ಡೆಗೆ ಅರ್ಧ ಕಡಾಯಿ ಎಣ್ಣೆ ಕಾಯಿಸುತ್ತಾಳೆ, ನಾಳೆ ಮತ್ತೆ ಅದೇ ಎಣ್ಣೆ, ನಾಡಿದ್ದೂ ಅದೇ. ದಿನಾ ಸ್ವಲ್ಪಸ್ವಲ್ಪ ಕರಿಯುವ ಇಂಥ ಮನೆಗೇ ಈ ಮಷಿನ್ ಬೇಕಾದದ್ದು. ಅವಳ ಮನೆ ಹೊಸದು, ಒಲೆಯ ಪಕ್ಕದಲ್ಲೇ 16 ಆಂಪಿಯರಿನ ಪಾಯಿಂಟ್ ಇದೆ, ನಾನೇ ನೋಡಿದ್ದೇನೆ. ಒಂದು ಮಾತು ಮಾತ್ರ ಅವಳಿಗೆ ಹೇಳು: ಅಂಗಡಿಯ ಫ್ರೋಜನ್ ಫ್ರೈಸ್ ಪಾಕೀಟು ಕಾರ್ಖಾನೆಯಲ್ಲೇ ಒಮ್ಮೆ ಎಣ್ಣೆ ಕಂಡು ಬಂದದ್ದು, ಅದನ್ನು ತಂದು ಬುಟ್ಟಿಗೆ ಹಾಕಿ ಎಣ್ಣೆಯಿಲ್ಲದ ತಿಂಡಿ ಅನ್ನಬೇಡ. ನಮ್ಮ ಆಲೂಗಡ್ಡೆಯನ್ನೇ ಹೆಚ್ಚಿ, ನೀರಲ್ಲಿ ನೆನೆಸಿ, ಒರೆಸಿ ಹಾಕಲಿ. ಬುಟ್ಟಿಯನ್ನು ತಂತಿ ಜುಂಗಿನಿಂದ ತಿಕ್ಕಿದರೆ ಕೋಟಿಂಗ್ ಎದ್ದುಹೋಗುತ್ತದೆ, ಕೆಲಸದವಳ ಕೈಗೆ ಕೊಡುವ ಮೊದಲು ಹೇಳಿಕೊಡಬೇಕು.

ನನಗೆ ಬೇಡವೇ ಬೇಡ. ಹನ್ನೊಂದು ಜನರ ಮನೆ, ನಿಮ್ಮ ಮಾಮಾನ ಪಾಲಿಗೇ ಒಂದು ಬುಟ್ಟಿ ಸಾಲದು. ಶೇಂಗಾ ಹುರಿಯಬೇಕೆನಿಸಿದಾಗ ಟೀಚರ್ ಮನೆ ಇದ್ದೇ ಇದೆ, ಹುರಿದದ್ದರಲ್ಲಿ ಅರ್ಧ ಅವರಿಗೆ ಕೊಟ್ಟು ಬರುತ್ತೇನೆ.

ಸಣ್ಣಕ್ಕನಿಗೆ ಕೊಳ್ಳುವಾಗ ಕಂಪನಿಯ ಸರ್ವಿಸ್ ಸೆಂಟರ್ ಕಲಬುರಗಿಯಲ್ಲಿ ಇದೆಯೇ ನೋಡು. ಕೆಟ್ಟರೆ ಆಳಂದದಿಂದ ಬಸ್ಸಿಗೆ ಹಾಕಿಕೊಂಡು ಕಲಬುರಗಿವರೆಗೆ ಹೋದಾಳು, ಬೆಂಗಳೂರಿಗೆ ಕೊರಿಯರ್ ಮಾಡಿ ಅಂದರೆ ಮೂಲೆಗಿಡುತ್ತಾಳೆ. ಬಿಲ್ ಅವಳ ಹೆಸರಲ್ಲೇ ಇರಲಿ. ಆರು ಲೀಟರಿನದು, ಎರಡು ಬುಟ್ಟಿಯದು ಅಂತ ಆಸೆಗೆ ಬೀಳಬೇಡ, ನಾಲ್ಕು ಲೀಟರ್ ಅವರಿಗೆ ಧಾರಾಳ.

ಉಳಿದ ಎರಡು ಮಷಿನ್‌ಗಳ ರೊಕ್ಕ ನನ್ನ ಅಕೌಂಟಿಗೆ ಹಾಕು. ಅವ್ವನ ಅಡುಗೆಮನೆಯ ವೈರಿಂಗ್ ತೆಗೆಸಿ ಹೊಸದು ಹಾಕಿಸಬೇಕು, ಅರ್ಥಿಂಗ್ ಸರಿಯಿಲ್ಲದೆ ಫ್ರಿಜ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಎಲೆಕ್ಟ್ರಿಶಿಯನ್‌ಗೆ ಮಾತಾಡಿದ್ದೇನೆ, ಮುಂದಿನ ವಾರ ಬರುತ್ತಾನೆ. ನಿನ್ನಿಂದ ದುಡ್ಡು ಅಂದರೆ ಅಪ್ಪ ಒಲ್ಲೆ ಅಂತಾರೆ, ಅದನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಫೋನಿನಲ್ಲಿ ಬಾಯಿಬಿಡಬೇಡ. ಎಳ್ಳಮಾಸಿಗೆ ರಜೆ ಸಿಗುತ್ತದೆಯೇ ಈಗಲೇ ಕೇಳಿಡು. ನಿನ್ನ ಹೆಂಡತಿಗೆ ಕೇಳಿದೆ ಅಂತ ಹೇಳು.

ನಿನ್ನ ಅಕ್ಕ