ದಾರಿ ಹೇಳುವವರ ಹೊಣೆ

ಕುಂಬಳೆಯಲ್ಲಿ ಬದಿಯಡ್ಕದ ಬಸ್ಸು ಹತ್ತಿದರೆ ಅಡಿಕೆ ತೋಟಗಳ ತಗ್ಗು, ಮುರಕಲ್ಲಿನ ಗುಡ್ಡೆ, ಮತ್ತೆ ತೋಟ, ಮತ್ತೆ ಗುಡ್ಡೆ ಎಂದು ದಾಟುತ್ತಾ ಸ್ವಲ್ಪ ಹೊತ್ತಿನಲ್ಲೇ ಸೀತಾಂಗೋಳಿ ತಲಪುತ್ತೇವೆ. ಪುತ್ತಿಗೆ ಪಂಚಾಯತಿಗೆ ಸೇರಿದ ಸಣ್ಣ ಪೇಟೆ ಇದು. ಒಂದು ದಾರಿ ಕುಂಬಳೆಗೆ, ಒಂದು ನೀರ್ಚಾಲು ಬದಿಯಡ್ಕದ ಕಡೆಗೆ, ಇನ್ನೊಂದು ವಿದ್ಯಾನಗರದ ಮೂಲಕ ಕಾಸರಗೋಡಿಗೆ. ಹಿಂದೂಸ್ಥಾನ್ ಏರೋನಾಟಿಕ್ಸ್ ಕಂಪನಿಯ ಘಟಕ 2012ರಲ್ಲಿ ಇಲ್ಲಿ ಆರಂಭವಾದ ಮೇಲೆ ಊರಿನ ಹೆಸರು ದೂರದವರಿಗೂ ತಿಳಿಯಿತು. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಒಂದೇ ಹೋಟೆಲಿನ ಮೇಜಿನ ಸುತ್ತ ಕೇಳಸಿಗುವ ನೆಲ ನಮ್ಮದು.

ಇಂತಹ ಕವಲಿನಲ್ಲಿ ದಾರಿ ಕೇಳುವವರು ಯಾವಾಗಲೂ ಇರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬಂದು ಅನಂತಪುರ ದೇವಸ್ಥಾನಕ್ಕೆ ಹೋಗಬೇಕೆಂದರೆ ಒಬ್ಬ ರಿಕ್ಷಾದವರು ಬಾಡಿಗೆ ಹೇಳಿ ಗಾಡಿ ತಿರುಗಿಸಬಹುದು. ಇನ್ನೊಬ್ಬರು, "ಈಗ ನಡೆ ಮುಚ್ಚಿರುತ್ತದೆ, ಸಂಜೆ ಹೋಗಿ. ಅಷ್ಟರಲ್ಲಿ ಬೇಳದ ಇಗರ್ಜಿ ನೋಡಿ ಬನ್ನಿ" ಎನ್ನಬಹುದು. ದಾರಿ ಇಬ್ಬರಿಗೂ ಗೊತ್ತು. ಎರಡನೆಯವರು ಮಾತ್ರ ದಾರಿಯ ಜೊತೆಗೆ ದಾರಿಹೋಕನನ್ನೂ ಗಮನಿಸಿದರು. ಪ್ರವಾಸದ ಸಲಹೆಯನ್ನೇ ವೃತ್ತಿಯಾಗಿ ಮಾಡಿಕೊಂಡವರ ಒಳಿತು ಕೆಡುಕು ತೀರ್ಮಾನವಾಗುವುದು ಇಲ್ಲಿಯೇ ಎಂದು ನಮಗೆ ತೋರುತ್ತದೆ.

ಈ ವೃತ್ತಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಂಗ್ಲೆಂಡಿನ ಥಾಮಸ್ ಕುಕ್‌ನಿಂದ ಆರಂಭಿಸುತ್ತಾರೆ. ಆತ 1841ರ ಜುಲೈ 5ರಂದು ಸುಮಾರು 500 ಮಂದಿಯನ್ನು ತಲೆಗೆ ಒಂದು ಶಿಲಿಂಗಿನಂತೆ ಲೆಸ್ಟರಿನಿಂದ ಲಫ್‌ಬರೋಗೆ, ಪಾನನಿರೋಧದ ಸಭೆಯೊಂದಕ್ಕೆ, ರೈಲಿನಲ್ಲಿ ಕರೆದೊಯ್ದ. ಬೈಬಲ್ ಓದುವ ನಮಗೆ ಇದಕ್ಕಿಂತ ಹಳೆಯ ಉದಾಹರಣೆ ತೊಬಿತನ ಗ್ರಂಥದಲ್ಲಿದೆ. ಮಗ ತೊಬಿಯಾಸನನ್ನು ದೂರದ ಮೇದ್ಯ ದೇಶಕ್ಕೆ ಕಳುಹಿಸುವ ಮೊದಲು ಕುರುಡ ತಂದೆ ಜೊತೆಗಾರನನ್ನು ಕೂರಿಸಿ ವಿಚಾರಿಸುತ್ತಾನೆ: ಯಾವ ಮನೆತನ, ದಾರಿ ಗೊತ್ತೇ, ದಿನಗೂಲಿ ಎಷ್ಟು? ಎಲ್ಲವೂ ಮೊದಲೇ ಸ್ಪಷ್ಟವಾಗುತ್ತದೆ. ಆ ಜೊತೆಗಾರ ರಫಾಯೇಲ ದೂತನೆಂಬುದು ಕೊನೆಗಷ್ಟೇ ತಿಳಿಯುತ್ತದೆ. ಆತ ಹುಡುಗನನ್ನು ಸುರಕ್ಷಿತವಾಗಿ ಮನೆಗೆ ಮುಟ್ಟಿಸುವವರೆಗೆ ಕೆಲಸ ಮುಗಿಯಿತೆಂದುಕೊಳ್ಳಲಿಲ್ಲ.

ನಮ್ಮ ಊರಿಗೆ ಬರೋಣ. ಮಂಗಳೂರಿನ ಒಂದು ಕುಟುಂಬ ಅಜ್ಜಿ ಮೊಮ್ಮಕ್ಕಳ ಸಮೇತ ಒಂದು ದಿನಕ್ಕೆ ಈ ಕಡೆ ಬರುವುದೆಂದಿಟ್ಟುಕೊಳ್ಳಿ. 1890ರಲ್ಲಿ ಗೋಥಿಕ್ ಶೈಲಿಯಲ್ಲಿ ಕಟ್ಟಿದ ಬೇಳದ ಶೋಕಮಾತಾ ದೇವಾಲಯ, ಕೆರೆಯ ನಡುವೆ ಇರುವ ಅನಂತಪುರದ ಗುಡಿ, ಕೆಳದಿಯ ಅರಸರ ಕಾಲದ ಬೇಕಲ ಕೋಟೆ, ಮಂಜೇಶ್ವರದಲ್ಲಿ ಗೋವಿಂದ ಪೈಯವರ ಮನೆ ಇವೆಲ್ಲವನ್ನೂ ಒಂದೇ ಕಾಗದದಲ್ಲಿ ಪಟ್ಟಿ ಮಾಡುವುದು ಸುಲಭ. ಒಳ್ಳೆಯ ಸಲಹೆಗಾರ ಪಟ್ಟಿಗಿಂತ ಮೊದಲು ಪ್ರಶ್ನೆ ಕೇಳುತ್ತಾನೆ. ಅಜ್ಜಿಗೆ ಮೆಟ್ಟಲು ಇಳಿಯಲಾಗುತ್ತದೆಯೇ? ಊಟ ಎಷ್ಟು ಗಂಟೆಗೆ ಆಗಬೇಕು? ಮಾತ್ರೆ ಇದೆಯೇ? ಆಮೇಲೆ ನಾಲ್ಕರಲ್ಲಿ ಒಂದನ್ನೋ ಎರಡನ್ನೋ ಬಿಡುತ್ತಾನೆ. ಬೇಕಲದಲ್ಲಿ ನೆರಳು ಕಡಿಮೆ, ಆದ್ದರಿಂದ ಅದನ್ನು ಸಂಜೆಗೆ ಇಡುತ್ತಾನೆ. ರೈಲಿನಲ್ಲಿ ಬರುವವರಿಗೆ, ದೂರದ ಅನೇಕ ರೈಲುಗಳು ಕುಂಬಳೆಯಲ್ಲಿ ನಿಲ್ಲುವುದಿಲ್ಲ, ಕಾಸರಗೋಡಿನಲ್ಲಿ ಇಳಿಯಿರಿ ಎಂದು ಮೊದಲೇ ತಿಳಿಸುತ್ತಾನೆ.

ಸತ್ಯ ಹೇಳುವುದೂ ಈ ಕೆಲಸದ ಭಾಗ. ಅನಂತಪುರದ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆಯನ್ನು ನೋಡಲೆಂದೇ ಜನ ಬರುತ್ತಿದ್ದರು. ಅದು 2022ರ ಅಕ್ಟೋಬರಿನಲ್ಲಿ ಸತ್ತಿತು. ಮರುವರ್ಷ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಆದರೂ "ಮೊಸಳೆ ಖಂಡಿತ ಕಾಣುತ್ತದೆ" ಎಂದು ಮಕ್ಕಳಿಗೆ ಆಸೆ ಹುಟ್ಟಿಸಿ ಹಣ ಪಡೆಯುವುದು ಸರಿಯಲ್ಲ. ವೇಳಾಂಕಣಿ ಯಾತ್ರೆಯೂ ಹಾಗೆಯೇ. ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗಿನ ಹಬ್ಬದ ದಿನಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಂಡಿನೋವಿನ ಹಿರಿಯರಿರುವ ಕುಟುಂಬಕ್ಕೆ ಬೇರೆ ತಿಂಗಳು ಸೂಚಿಸುವವನೇ ಹಿತೈಷಿ.

ಇವೆಲ್ಲ ಒಂದು ದಿನದ ಆಯಾಸದ ಮಾತು. ಗಲ್ಫಿಗೆ ಹೊರಟ ಹುಡುಗನ ವಿಷಯದಲ್ಲಿ ತಪ್ಪು ಸಲಹೆಗೆ ತೆರಬೇಕಾದ ಬೆಲೆ ಬೇರೆಯೇ. ಬಜಪೆಯಿಂದ ದುಬೈಗೆ ನೇರ ವಿಮಾನ 2006ರಲ್ಲಿ ಆರಂಭವಾಯಿತು, ಕಣ್ಣೂರಿನ ವಿಮಾನ ನಿಲ್ದಾಣ 2018ರಲ್ಲಿ ತೆರೆಯಿತು. ದಾರಿ ಹತ್ತಿರವಾಯಿತು, ಆದರೆ ಕಾಗದಪತ್ರಗಳ ಗಂಟು ಸಡಿಲವಾಗಲಿಲ್ಲ. ತಾಯಿಯ ಬಳೆ ಅಡವಿಟ್ಟು ಹಣ ಹೊಂದಿಸಿದ ಮನೆಯವರು ಟ್ರಾವೆಲ್ಸಿನವರ ಎದುರು ಕುಳಿತಾಗ ಇರುವುದು ಅವರ ಮಾತಿನ ಮೇಲಿನ ನಂಬಿಕೆಯೊಂದೇ. ಸೀರೆಯನ್ನಾದರೆ ಅಂಗಡಿಯಲ್ಲೇ ಬಿಡಿಸಿ ನೋಡಬಹುದು. ಪ್ರಯಾಣವೆಂಬ ಸರಕನ್ನು ಪರೀಕ್ಷಿಸುವುದು ಹಣ ಕೊಟ್ಟು ಅಲ್ಲಿ ಇಳಿದ ಮೇಲೆ.

ಆದ್ದರಿಂದ ನಮ್ಮ ಕುಟುಂಬಗಳು ಕೆಲವು ವಿಷಯ ತಿಳಿದಿರಬೇಕು. ಟಿಕೇಟು ಮಾರುವುದು ಬೇರೆ, ವಿದೇಶದ ಕೆಲಸಕ್ಕೆ ಕಳುಹಿಸುವುದು ಬೇರೆ. ಎರಡನೆಯದಕ್ಕೆ 1983ರ ವಲಸೆ ಕಾಯ್ದೆಯ ಪ್ರಕಾರ ಕೇಂದ್ರ ಸರಕಾರದ ನೋಂದಣಿ ಬೇಕು, ಮತ್ತು ಅಂತಹ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕ ತೆರಿಗೆ ಬಿಟ್ಟು 30,000 ರೂಪಾಯಿ ಮೀರಬಾರದು. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಮಾಡುವುದು ಕಾನೂನಿಗೆ ವಿರುದ್ಧ. "ಅಲ್ಲಿ ಹೋದ ಮೇಲೆ ಬದಲಾಯಿಸೋಣ" ಎಂಬ ಮಾತಿಗೆ ಮರುಳಾಗಬಾರದು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇ.ಸಿ.ಆರ್. ಮುದ್ರೆ ಇರುತ್ತದೆ. ಅಂಥವರು ಗಲ್ಫಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕು. ಅವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ 10 ಲಕ್ಷದ ಅಪಘಾತ ವಿಮೆ ಸಿಗುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರು ಇನ್ನೂ ಎಚ್ಚರವಾಗಿರಬೇಕು. ಯು.ಎ.ಇ. 2022ರ ನವೆಂಬರಿನಲ್ಲಿ ಪ್ರವಾಸಿ ವೀಸಾದವರಿಗೆ ಈ ಬಗ್ಗೆ ನಿರ್ಬಂಧ ಹಾಕಿತು. ಇದನ್ನು ಟಿಕೇಟು ಮಾಡುವ ಮೊದಲೇ ನೋಡಿ ಹೇಳುವವನು ಒಂದು ಕುಟುಂಬವನ್ನು ವಿಮಾನ ನಿಲ್ದಾಣದ ಕಣ್ಣೀರಿನಿಂದ ಉಳಿಸುತ್ತಾನೆ.

ಈಗ ಮೊಬೈಲಿನಲ್ಲೇ ಟಿಕೇಟು ಸಿಗುತ್ತದೆ, ವಿಮಾನ ಕಂಪನಿಗಳು ಹಿಂದೆ ಕೊಡುತ್ತಿದ್ದ ಕಮಿಷನ್ ಬಹುಮಟ್ಟಿಗೆ ನಿಂತಿದೆ. ಹಾಗಾದರೆ ಈ ವೃತ್ತಿ ಮುಗಿಯಿತೇ? ಇಲ್ಲವೆಂದೇ ನಮ್ಮ ಭಾವನೆ. ಮಾರಲು ಉಳಿದಿರುವುದು ಸಲಹೆ ಒಂದೇ ಆದ್ದರಿಂದ ಅದು ಪ್ರಾಮಾಣಿಕವಾಗಿರಲೇಬೇಕು. ತನ್ನ ಶುಲ್ಕವನ್ನು ಬಚ್ಚಿಡದೆ ಬರೆದು ಕೊಡುವುದು, ರದ್ದಾದರೆ ಎಷ್ಟು ಹಣ ಹಿಂದೆ ಬರುತ್ತದೆಂದು ಮೊದಲೇ ಹೇಳುವುದು, ನಡುರಾತ್ರಿ ವಿಮಾನ ತಪ್ಪಿದವನ ಫೋನನ್ನು ಎತ್ತುವುದು, ಬೇಡವಾದ ಪ್ರಯಾಣಕ್ಕೆ "ಬೇಡ" ಎನ್ನುವುದು: ಇಷ್ಟು ಗುಣವಿದ್ದರೆ ಗಿರಾಕಿ ತಾನೂ ಬರುತ್ತಾನೆ, ನೆರೆಮನೆಯವರನ್ನೂ ಕರೆತರುತ್ತಾನೆ.

ಪದವಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ನಮ್ಮ ಯುವಕ ಯುವತಿಯರು ಈ ವೃತ್ತಿಯನ್ನು ಕೀಳೆಂದು ತಿಳಿಯಬೇಕಾಗಿಲ್ಲ. ನಾಲ್ಕೈದು ಭಾಷೆ ಹುಟ್ಟಿನಿಂದಲೇ ಬಂದ ಮಕ್ಕಳಿಗೆ ಇದು ಹೇಳಿಸಿದಂತಹ ಕೆಲಸ. ಇನ್ನು ಮಗನನ್ನೋ ಮಗಳನ್ನೋ ದೂರ ಕಳುಹಿಸುವ ತಂದೆತಾಯಂದಿರು ಸಂಕೋಚ ಬಿಟ್ಟು ತೊಬಿತನಂತೆ ವಿಚಾರಿಸಲಿ. ಪ್ರಶ್ನೆ ಕೇಳಿದ್ದಕ್ಕೆ ಸಿಡುಕುವವರ ಅಂಗಡಿಯಿಂದ ಪಾಸ್‌ಪೋರ್ಟ್ ಹಿಂದೆ ಪಡೆದು ಎದ್ದು ಬರಲಿ.