ಒಂಬತ್ತನೆಯ ಗೆರೆ

ಜಪಾನಿನ ಕುಂಚಬರಹ ಶೋದೋದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಅಕ್ಷರ ‘ಕಮಿ’. ದೇವರು ಅಂತ ಅರ್ಥ. ಅಲ್ಲಿನ ಮಕ್ಕಳು ಮೂರನೆಯ ತರಗತಿಯಲ್ಲೇ ಇದನ್ನು ಕಲಿಯುತ್ತಾರೆ. ಎಡಕ್ಕೆ ನಾಲ್ಕು ಗೆರೆ, ಬಲಕ್ಕೆ ಐದು.

ಬರೆಯುವ ಮುಂಚೆ ಮಸಿ ತೇಯಬೇಕು. ಬಾಟಲಿ ಮಸಿಯೂ ಸಿಗುತ್ತದೆ, ನಾನು ಕೊಳ್ಳುವುದಿಲ್ಲ. ದೀಪದ ಮಸಿಗೆ ಅಂಟು ಕಲಸಿ ಒಣಗಿಸಿದ ಕಡ್ಡಿಗೆ ಸುಮಿ ಎನ್ನುತ್ತಾರೆ. ಅದಕ್ಕೆ ನಾರಾ ಊರು ಹೆಸರುವಾಸಿ. ಕಲ್ಲಿನ ಮೇಲೆ ಒಂದಿಷ್ಟು ನೀರು ಹಾಕಿ ಗಂಧ ತೇಯ್ದ ಹಾಗೆ ತೇಯುತ್ತಾ ಕೂತರೆ, ಮಸಿ ಹದಕ್ಕೆ ಬಂದದ್ದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.

ಅಕ್ಷರದ ಎಡಭಾಗ ದೇವರ ಮುಂದೆ ನೈವೇದ್ಯ ಇಡುವ ಪೀಠ. ಮೊದಲು ಒಂದು ಚುಕ್ಕೆ. ಆಮೇಲೆ ಅಡ್ಡಗೆರೆ ಎಳೆದು, ಕುಂಚ ಎತ್ತದೆ ಹಾಗೆಯೇ ಎಡಕ್ಕೆ ಓರೆಯಾಗಿ ಇಳಿಸಬೇಕು. ಒಂದು ಉದ್ದಗೆರೆ, ಇನ್ನೊಂದು ಚುಕ್ಕೆ, ಪೀಠ ಮುಗಿಯಿತು. ಬಲಭಾಗವೋ, ಇವತ್ತು ನೋಡಿದರೆ ಬರೀ ಪೆಟ್ಟಿಗೆ, ನಡುವೆ ಹಾದುಹೋದ ಗೆರೆ. ಮೂರು ಸಾವಿರ ವರ್ಷದ ಹಿಂದೆ ಚೀನಾದವರು ಮೂಳೆಯ ಮೇಲೆ ಕೊರೆಯುತ್ತಿದ್ದಾಗ ಅದು ಡೊಂಕುಡೊಂಕಾಗಿ ಇಳಿಯುವ ಮಿಂಚಾಗಿತ್ತು. ಕಮಿ ಎಂಬ ಮಾತು ಮಾತ್ರ ಜಪಾನೀಯರದ್ದೇ. ಅವರು ಗುಡುಗಿಗೆ ‘ಕಮಿನರಿ’ ಎನ್ನುತ್ತಾರೆ, ದೇವರ ಸದ್ದು. ಒಂದು ನಾಡಿನ ಚಿತ್ರವೂ ಇನ್ನೊಂದು ನಾಡಿನ ಮಾತೂ ದೇವರನ್ನು ಮೋಡದಲ್ಲೇ ಕಂಡವಲ್ಲ ಎಂದು ಪ್ರತಿಸಲವೂ ಬೆರಗಾಗುತ್ತೇನೆ.

ಕುಂಚ ಹಿಡಿದವರಿಗೆ ಈ ಮಿಂಚಿನ ನಂಟು ಇನ್ನೂ ಹತ್ತಿರದ್ದು. ಸುಗವಾರಾ ನೊ ಮಿಚಿಜಾನೆ ದೊಡ್ಡ ಪಂಡಿತ, ಕವಿ, ಅರಸನ ಮಂತ್ರಿ. ಇಲ್ಲದ ಅಪರಾಧ ಹೊರಿಸಿ 901ರಲ್ಲಿ ಅವನನ್ನು ದೂರದ ದಜೈಫುವಿಗೆ ಅಟ್ಟಿದರು. 903ರಲ್ಲಿ ಅಲ್ಲೇ ತೀರಿಕೊಂಡ. 930ರಲ್ಲಿ ಕ್ಯೋತೋದ ಅರಮನೆಗೆ ಸಿಡಿಲು ಬಡಿದು ಆಸ್ಥಾನಿಕರು ಸತ್ತಾಗ, ಇದು ಅವನದೇ ಕೋಪವೆಂದು ಜನ ನಡುಗಿದರು. ಕಿತಾನೊದಲ್ಲಿ ಗುಡಿ ಎದ್ದಿತು, ಅವನು ತೆಂಜಿನ್ ಆದ. ಆ ಹೆಸರಿನ ಕೊನೆಗೂ ಇದೇ ಅಕ್ಷರ. ಈಗ ಅವನು ವಿದ್ಯೆಗೆ, ಕೈಬರಹಕ್ಕೆ ದೇವರು. ಹೊಸ ವರ್ಷದಲ್ಲಿ ಮಕ್ಕಳು ಆ ಗುಡಿಗೆ ಹೋಗಿ ವರ್ಷದ ಮೊದಲ ಬರಹ ಬರೆಯುತ್ತಾರೆ.

ನನ್ನ ಪ್ರೀತಿಯೆಲ್ಲ ಒಂಬತ್ತನೆಯ ಗೆರೆಯ ಮೇಲೆ. ಪೆಟ್ಟಿಗೆಯ ನೆತ್ತಿಯ ಮೇಲಿಂದ ಹೊರಟು, ಅದನ್ನು ಸೀಳಿಕೊಂಡು ಕೆಳಗಿಳಿಯುವ ಗೆರೆ ಅದು. ಕನ್ನಡದ ದುಂಡಕ್ಷರಕ್ಕೆ ಪಳಗಿದ ಕೈ ಬಾಗಲು ಹವಣಿಸುತ್ತದೆ. ಮಣಿಕಟ್ಟನ್ನು ಸುಮ್ಮನಿರಿಸಿ ಇಡೀ ತೋಳಿನಿಂದ ಎಳೆಯಬೇಕು. ಎಳೆದ ಗೆರೆಯ ಮೇಲೆ ಮತ್ತೆ ಕುಂಚ ಆಡಿಸುವಂತಿಲ್ಲ. ಮುಗಿಸಲು ಎರಡು ದಾರಿ. ತುದಿಯಲ್ಲಿ ನಿಂತು ಕುಂಚವನ್ನು ಹಿಂದಕ್ಕೆ ಸರಿಸಿದರೆ ದುಂಡಗಿನ ಕೊನೆ, ‘ಸುಯಿರೊ’, ತೊಟ್ಟಿಕ್ಕುವ ಇಬ್ಬನಿ. ಇಳಿಯುತ್ತಲೇ ಮೇಲೆತ್ತುತ್ತಾ ಹೋದರೆ ಚೂಪು ಕೊನೆ, ‘ಕೆನ್‌ಶಿನ್’, ತೂಗುವ ಸೂಜಿ. ಬೇರೆ ಅಕ್ಷರಗಳಲ್ಲಿ ಇಬ್ಬನಿಯೇ ನನಗಿಷ್ಟ. ಇಲ್ಲಿ ಮಾತ್ರ ಸೂಜಿಯೇ ಬೇಕು, ಮಿಂಚು ದುಂಡಗೆ ಮುಗಿಯುವುದನ್ನು ನಾನು ಒಪ್ಪಲಾರೆ.