ನಾನ್ಯಾವಾಗ ಅತ್ತಿದ್ದೆ, ತಮಾ?

“ಸಾರ್, ನನ್ನ ಹತ್ರ ಒಂದು ಭರ್ಜರಿ ಕಥೆ ಇದೆ. ಚಿತ್ರಕಥೆ ಬರೆಯೋದು ಹ್ಯಾಗೆ, ಹೇಳಿಕೊಡಿ” ಎಂದು ಕೇಳುವ ಹುಡುಗರು ಈಗಲೂ ಸಿಗುತ್ತಾರೆ. ಅವರಿಗೆ ನಾನು ಪಾಠ ಮಾಡುವುದಿಲ್ಲ. ನಾನೇ ಮಾಡಿದ ಒಂದು ತಪ್ಪಿನ ಕಥೆ ಹೇಳುತ್ತೇನೆ. ನೀವೂ ಕೇಳಿ.

ನಾನು ಮುಳುಗಡೆಯವನು. ಸಾಗರ ತಾಲ್ಲೂಕಿನಲ್ಲಿ ಶರಾವತಿಗೆ ಅಡ್ಡವಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಾಗ ನನಗೆ ಹತ್ತು ವರ್ಷ. 1819 ಅಡಿ ಅನ್ನುವುದು ಎಂಜಿನಿಯರುಗಳಿಗೆ ನೀರಿನ ಮಟ್ಟ. ನಮಗೆ ಅದು ಮನೆ ಉಳಿಯಿತೋ ಹೋಯಿತೋ ಎಂದು ತೀರ್ಮಾನಿಸುವ ಗೆರೆ. ನಮ್ಮ ಮನೆ ಗೆರೆಯ ಕೆಳಗಿತ್ತು. ಗದ್ದೆ, ಕೊಟ್ಟಿಗೆ, ಬಾವಿ ಎಲ್ಲ ಬಿಟ್ಟು ಲಾರಿ ಹತ್ತಿದೆವು. ಶಿವಮೊಗ್ಗದ ಕಡೆಯ ಒಂದು ಕಾಡಿನಲ್ಲಿ ಇಳಿಸಿ, “ಇನ್ನು ಇದೇ ನಿಮ್ಮೂರು” ಅಂದರು. ಅಂಥ ಊರುಗಳಲ್ಲಿ ಹಕ್ಕುಪತ್ರಕ್ಕಾಗಿ ಅಲೆಯುವವರು ಇಂದಿಗೂ ಇದ್ದಾರೆ.

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಆ ಸಂಕಟವನ್ನೇ ಕಾದಂಬರಿ ಮಾಡಿದೆ. ಲಾರಿ ಹೊರಡುವ ಅಧ್ಯಾಯದಲ್ಲಿ, ತಾಯಿಯ ಎದೆಯೊಳಗೆ ಶರಾವತಿಯೇ ಉಕ್ಕಿ ಹರಿದಳೆಂದು ಮೂರು ಪುಟ ಗೀಚಿದ್ದೆ. ಓದಿದವರು ಕಣ್ಣೊರೆಸಿಕೊಂಡರು. ನಾನು ಬೀಗಿದೆ.

ಕಾದಂಬರಿ ಆಧರಿಸಿದ ಚಿತ್ರಗಳು ಓಡುತ್ತಿದ್ದ ಕಾಲ. 1979ರಲ್ಲಿ ಮದರಾಸಿನಿಂದ ಕರೆ ಬಂತು. ಕೋಡಂಬಾಕ್ಕಂನ ಲಾಡ್ಜು, ಕಿರುಗುಟ್ಟುವ ಫ್ಯಾನು, ಎದುರಿಗೆ ನಿರ್ದೇಶಕರು. ಆ ಮೂರು ಪುಟ ಓದಿ ಸಿಗರೇಟು ಹಚ್ಚಿದರು.

“ಎಲ್ಲಾ ಸರಿ ಸ್ವಾಮಿ. ಎದೆಯೊಳಗೆ ಕ್ಯಾಮರಾ ಇಡೋಕಾಗಲ್ಲ. ಆಗ ಆ ಹೆಂಗಸು ಏನು ಮಾಡ್ತಿದ್ಳು? ಅದನ್ನ ಹೇಳಿ.”

ನನಗೆ ಗೊತ್ತಿರಲಿಲ್ಲ! ಆವತ್ತು ನಾನು ಅವ್ವನ ಮುಖ ನೋಡಿರಲೇ ಇಲ್ಲ. ಮೊದಲ ಸಲ ಲಾರಿ ಹತ್ತುವ ಖುಷಿಯಲ್ಲಿದ್ದೆ.

ರೈಲು, ಬಸ್ಸು ಹಿಡಿದು ಅವ್ವನ ಹತ್ತಿರ ಓಡಿದೆ. ಅಕ್ಕಿ ಆರಿಸುತ್ತಾ ಕೂತಿದ್ದಳು.

“ಹಿಂದಿನ ದಿನ ಅಂಗಳ ಸಾರಿಸಿದೆ. ಗೋಡೆಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆದೆ.”

ನಾವು ದೀವರು. ಮದುವೆ ಬಂದರೆ ನಮ್ಮ ಹೆಂಗಸರು ಅಕ್ಕಿ ಹಿಟ್ಟು ಕಲಸಿ, ಪುಂಡಿನಾರಿನ ಕುಂಚದಲ್ಲಿ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಮುಳುಗೋ ಮನೆಗೆ ಯಾಕವ್ವಾ ಅಂದೆ.

“ಬರೋದು ಗಂಗೆ ಅಲ್ಲನಾ? ಹಾಳು ಮನೆಗೆ ಬರಮಾಡ್ಕೊಳ್ಳೋದಾ?”

ಬಸ್ಸಿನಲ್ಲೇ ದೃಶ್ಯ ಬರೆದೆ. ಮಾತಿಲ್ಲ. ಅಂಗಳ, ಗೋಡೆ, ಒಂದು ಕೈ, ಒಂದು ಕುಂಚ, ದೂರದಲ್ಲಿ ನೀರು. ನಿರ್ದೇಶಕರು ಎದ್ದು ನಿಂತು ಕೈಕುಲುಕಿದರು.

ನಿರ್ಮಾಪಕರು ಮಾತ್ರ ತಲೆಯಾಡಿಸಿದರು. “ತಾಯಿ ಸುಮ್ಮನಿದ್ರೆ ಗಾಂಧಿ ಕ್ಲಾಸು ಸುಮ್ಮನಿರುತ್ತೇನ್ರೀ? ಅಳಿಸ್ರೀ!” ಎರಡು ತಿಂಗಳ ಲಾಡ್ಜು ಬಾಡಿಗೆ ಬಾಕಿಯಿತ್ತು. ಆ ರಾತ್ರಿಯೇ ಎರಡು ಪುಟ ಗೋಳಿನ ಡೈಲಾಗು ಬರೆದು ಕೊಟ್ಟೆ. ಯಾರನ್ನೂ ದೂರುವುದಿಲ್ಲ, ಪೆನ್ನು ನನ್ನ ಕೈಯಲ್ಲಿತ್ತು.

ಚಿತ್ರ ಬಂತು. ಅವ್ವನನ್ನು ಟಾಕೀಸಿಗೆ ಕರೆದುಕೊಂಡು ಹೋದೆ. ನಮ್ಮ ಊರನ್ನು ನುಂಗಿದ ನೀರಿನ ಕರೆಂಟಿನಲ್ಲೇ ನಮ್ಮ ಕಥೆ ಪರದೆ ಮೇಲೆ ಓಡುತ್ತಿತ್ತು. ತೆರೆಯ ತಾಯಿ ಎದೆ ಬಡಿದುಕೊಂಡಳು. ಗಾಂಧಿ ಕ್ಲಾಸು ಬಿಕ್ಕಿತು. ಪಕ್ಕದಲ್ಲಿ ಅವ್ವ ಮೆಲ್ಲಗೆ ಕೇಳಿದಳು:

“ನಾನ್ಯಾವಾಗ ಅತ್ತಿದ್ದೆ, ತಮಾ?”

ಚಿತ್ರ ಎರಡು ವಾರಕ್ಕೆ ಎತ್ತಂಗಡಿಯಾಯಿತು. ಆ ಪ್ರಶ್ನೆ ಇನ್ನೂ ಓಡುತ್ತಿದೆ.

2002ರಲ್ಲಿ ‘ದ್ವೀಪ’ ನೋಡಿದೆ. ನಾ. ಡಿಸೋಜರ ಕಾದಂಬರಿ, ಗಿರೀಶ ಕಾಸರವಳ್ಳಿಯವರ ನಿರ್ದೇಶನ. ನೀರು ಏರುತ್ತಿದ್ದರೆ ಸೌಂದರ್ಯ ಮಾಡಿದ ನಾಗಿ ಮನೆ ಉಳಿಸಿಕೊಳ್ಳಲು ಮೈಮುರಿದು ದುಡಿಯುತ್ತಾಳೆ. ಕತ್ತಲಲ್ಲಿ ಕೂತು ‘ಅವ್ವಾ, ಇಲ್ಲಿ ನೋಡು’ ಅನ್ನಬೇಕೆನಿಸಿತು. ಅಷ್ಟರಲ್ಲಿ ಅವಳು ಹೋಗಿ ನಾಲ್ಕು ವರ್ಷವಾಗಿತ್ತು.

2025ರ ಜುಲೈನಲ್ಲಿ ಸಿಗಂದೂರಿಗೆ ಸೇತುವೆಯಾಯಿತು. ಅದರ ಮೇಲೆ ನಿಂತು ಹಿನ್ನೀರು ನೋಡುತ್ತಿದ್ದೆ. ಸೆಲ್ಫಿ ತೆಗೆಯುತ್ತಿದ್ದ ಹುಡುಗನೊಬ್ಬ “ಯಾವೂರು ಸಾರ್?” ಅಂದ. ಶಿವಮೊಗ್ಗ, ಮದರಾಸು, ಬೆಂಗಳೂರು ಎಲ್ಲಾ ಕಡೆ ಬಾಡಿಗೆ ಕಟ್ಟಿದವನು ನಾನು. ನೀರಿನ ಕಡೆ ಕೈ ತೋರಿಸಿದೆ. ಅವನು ನಕ್ಕ, ತಮಾಷೆ ಅಂದುಕೊಂಡ.

ಬಸ್ಸಿನಲ್ಲಿ ಬರೆದ ಆ ಹಾಳೆ ಈಗಲೂ ನನ್ನ ಟ್ರಂಕಿನಲ್ಲಿದೆ. ನಮ್ಮ ಮನೆಯ ಗೋಡೆ ಉಳಿದಿರುವುದು ಅಲ್ಲೊಂದೇ. ಹಾಗಾಗಿ ಮಿತ್ರರೇ, ನಿಮ್ಮ ಭರ್ಜರಿ ಕಥೆಯ ತಾಯಿ ಅಳುವ ಮೊದಲು ಒಂದು ಸಲ ಊರಿಗೆ ಹೋಗಿ. ಅವತ್ತು ಏನು ಮಾಡ್ತಿದ್ದೆ ಅವ್ವಾ, ಅಂತ ಕೇಳಿ. ನಾನು ಕೇಳಿಯೂ ಬರೆಯಲಿಲ್ಲ. ನೀವು ಬರೀರಿ.